ಸೋಮವಾರ ಕಡಿದುಹೋಗುತ್ತಿದ್ದ ಹರಿಹರದ ಲೈನು

ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಕಂಡಾಗ ಕೇಳುವ ಮೊದಲ ಪ್ರಶ್ನೆ, "ಯಾವ ಕಂಪನಿಯ ರೂಟರ್ ಒಳ್ಳೇದು ಸರ್?" ಎಂಬುದು. ಬಾಡಿಗೆಗೆ ಮನೆ ಹುಡುಕುವವನು ಬಾಗಿಲ ಚಿಲಕ ಯಾವ ಕಂಪನಿಯದು ಎಂದು ಕೇಳಿದ ಹಾಗಾಯಿತು ಇದು. ಚಿಲಕವೂ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಆ ಮನೆಯಲ್ಲಿ ಯಾರಿರುತ್ತಾರೆ, ಎಷ್ಟು ಹೊತ್ತಿಗೆ ಏಳುತ್ತಾರೆ, ಯಾವ ಬಾಗಿಲನ್ನು ಯಾರು ಹಾಕುತ್ತಾರೆ ಎಂದು ತಿಳಿಯದೆ ಚಿಲಕ ಕೂರಿಸಿ ಏನು ಫಲ? ದಾವಣಗೆರೆ, ಹರಿಹರದ ಅಂಗಡಿ, ಕಚೇರಿ, ಕಾರ್ಖಾನೆಗಳಿಗೆ ಜೀವಮಾನವಿಡೀ ನೆಟ್‌ವರ್ಕ್ ಕಟ್ಟಿ ನಿವೃತ್ತನಾದ ನನಗೆ ಉಳಿದಿರುವ ತಿಳಿವಳಿಕೆ ಇಷ್ಟೇ. ಒಂದೇ ಮಾತಿನಲ್ಲಿ ಹೇಳಿದರೆ ನೀವು ತಲೆಯಾಡಿಸಿ ಮರೆತುಬಿಡುತ್ತೀರಿ. ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ನಾನು ಕೆಲಸ ಕಲಿತದ್ದು ಇಕ್ಬಾಲ್ ಸಾಹೇಬರ ಹತ್ತಿರ. ಅವರದು ದಾವಣಗೆರೆಯಲ್ಲಿ ಚಿಕ್ಕ ಅಂಗಡಿ; ಮುಂದುಗಡೆ ಕಂಪ್ಯೂಟರ್ ರಿಪೇರಿ, ಹಿಂದುಗಡೆ ವೈರಿನ ಸುರುಳಿಗಳು. ಮೊದಮೊದಲು ಕಚೇರಿಗಳ ಒಳಗೆ ಟೆಲಿಫೋನ್ ತಂತಿ ಎಳೆಯುತ್ತಿದ್ದೆವು. ಆಮೇಲೆ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸ ಬಂತು, ಅದರ ಬೆನ್ನಿಗೇ ಇಂಟರ್‌ನೆಟ್ ಬಂತು. ಟೆಲಿಫೋನ್ ತಂತಿಯ ಮೇಲೆ ಬರುತ್ತಿದ್ದ ಆ ನೆಟ್ಟು ಹತ್ತು ಸಲ ಕೆಮ್ಮಿ, ಕಿರುಚಿ, ಕೊನೆಗೆ ಹೇಗೋ ಕೂಡಿಕೊಳ್ಳುತ್ತಿತ್ತು. ಬಿದ್ದುಹೋದರೆ ಯಾರೂ ಗಾಬರಿಯಾಗುತ್ತಿರಲಿಲ್ಲ. ಬಿಲ್ ಪುಸ್ತಕ ತೆಗೆದು ಕೈಯಲ್ಲಿ ಬರೆಯುತ್ತಿದ್ದರು. ಆಗ ನೆಟ್ಟು ಉಪ್ಪಿನಕಾಯಿ. ಇದ್ದರೆ ರುಚಿ, ಇಲ್ಲದಿದ್ದರೆ ಊಟವೇನೂ ನಿಲ್ಲುತ್ತಿರಲಿಲ್ಲ. ಈಗ ಅದೇ ಅನ್ನವಾಗಿದೆ. ನಮ್ಮ ಕೆಲಸದಲ್ಲಿ ಆದ ದೊಡ್ಡ ಬದಲಾವಣೆ ಇದೇ. ತಾಮ್ರದ ತಂತಿ ಹೋಗಿ ಗಾಜಿನ ಎಳೆ ಬಂದದ್ದು ಇದರ ಮುಂದೆ ಸಣ್ಣ ಮಾತು.

ಸಾಹೇಬರು ಸಿಟ್ಟಿನ ಮನುಷ್ಯ. ಆದರೆ ಸಿಟ್ಟು ಬಂದಷ್ಟೂ ಮೆಲ್ಲಗೆ ಮಾತಾಡುತ್ತಿದ್ದರು. ಅವರು ಕೂಗಾಡುತ್ತಿದ್ದರೆ ನಾವು ನಿಶ್ಚಿಂತೆಯಾಗಿರುತ್ತಿದ್ದೆವು. ಪಿಸುಗುಟ್ಟತೊಡಗಿದರೆ ಚಪ್ಪಲಿ ಹುಡುಕುತ್ತಿದ್ದೆವು. ಕೆಲಸಕ್ಕೆ ಸೇರಿದ ಹೊಸತರಲ್ಲೇ ಅವರು ನನಗೆ ಹೇಳಿದ್ದು ಇದು:

"ಗಿರಾಕಿ ಮನೆಗೆ ಹೋದ ಕೂಡ್ಲೆ ಬ್ಯಾಗ್ ಬಿಚ್ಚಬ್ಯಾಡ ಚಂದ್ರಣ್ಣ. ಚಾ ಕೊಟ್ರೆ ಕುಡಿ. ಕುಡಿಯೋವಾಗ ಯಾರು ಎಲ್ಲಿ ಕೂಡ್ತಾರೆ, ಯಾವಾಗ ಏಳ್ತಾರೆ ನೋಡು. ವೈರು ಎಲ್ಲೂ ಓಡಿಹೋಗಲ್ಲ."

ಇವರಿಗೆ ಚಹಾದ ಚಪಲ, ಅದಕ್ಕೊಂದು ನೆಪ ಎಂದು ಆಗ ಅಂದುಕೊಂಡಿದ್ದೆ.

ಒಮ್ಮೆ ಮಂಡಕ್ಕಿ ಭಟ್ಟಿಯವರೊಬ್ಬರು ನೆಟ್ ಹಾಕಿಸಿಕೊಂಡರು. ಭಟ್ಟಿ ಎಂದ ಮೇಲೆ ಹೊಗೆ, ಹೊಟ್ಟಿನ ಮಸಿ. ಹಾಕಿದ ರೂಟರ್ ಕೆಲವೇ ದಿನಗಳಲ್ಲಿ ಕರ್ರಗಾಗಿ ಸತ್ತಿತು. ಮಸಿಗೆ ನಾನು ಕಂಡುಕೊಂಡ ಮದ್ದು, ಗಾಳಿಯಾಡದ ತಗಡಿನ ಡಬ್ಬಿ. ರೂಟರನ್ನು ಅದರಲ್ಲಿಟ್ಟು, ಸಂದುಗೊಂದಿಗೆಲ್ಲ ಮೇಣ ಮೆತ್ತಿ ಹೆಮ್ಮೆಯಿಂದ ಮನೆಗೆ ಬಂದೆ. ಮಸಿಯೇನೋ ಒಳಗೆ ಹೋಗಲಿಲ್ಲ, ಗಾಳಿಯೂ ಹೋಗಲಿಲ್ಲ. ಬೇಸಿಗೆಯಲ್ಲಿ ಬಿಚ್ಚಿ ನೋಡಿದರೆ ಪ್ಲಾಸ್ಟಿಕ್ಕು ಸೊಟ್ಟಗಾಗಿ ಕೂತಿತ್ತು. ಸಾಹೇಬರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಬಲು ಮೆಲ್ಲಗೆ, "ಭೇಷ್. ಅವರು ಮಂಡಕ್ಕಿ ಹುರಿದ್ರು, ನೀನು ರೂಟರ್ ಹುರಿದಿ" ಎಂದರು. ಮುಂದೆ ಯಾರ ಮನೆಗೆ ಹೋದರೂ ಡಬ್ಬಿಯ ಮೈ ಮುಟ್ಟಿ ನೋಡುವುದು ನನಗೆ ಅಭ್ಯಾಸವಾಯಿತು. ಒಂದು ಮನೆಯಲ್ಲಿ ಮಾತ್ರ ಮುಟ್ಟಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಹರಿಹರದ ಒಂದು ಲೇತ್ ಕಾರ್ಖಾನೆಯ ಗುಮಾಸ್ತರ ದೂರು ಇನ್ನೂ ಚೆಂದವಿತ್ತು. "ನಾನು ಊಟಕ್ಕೆ ಎದ್ದುಹೋದಾಗ ಮಾತ್ರ ನೆಟ್ಟು ಚೆನ್ನಾಗಿರ್ತೈತ್ರಿ. ನನ್ನ ಹಣೆಬರಹ" ಎಂದರು. ಎಲ್ಲರೂ ನಕ್ಕರು. ನನಗೆ ನಗುವಿನ ನಡುವೆಯೇ ಹೊಳೆಯಿತು: ಇವರು ಊಟಕ್ಕೆ ಎದ್ದಾಗ ಮತ್ತೇನೇನು ನಿಲ್ಲುತ್ತದೆ? ಊಟದ ಹೊತ್ತಿಗೆ ಲೇತುಗಳೂ ನಿಲ್ಲುತ್ತಿದ್ದವು. ಮೊದಲು ಕೆಲಸ ಮಾಡಿಹೋದವರು ದೊಡ್ಡ ಮೋಟಾರಿನ ಕರೆಂಟ್ ವೈರನ್ನೂ ನೆಟ್ಟಿನ ವೈರನ್ನೂ ಒಂದೇ ಪೈಪಿನಲ್ಲಿ ತೂರಿಸಿದ್ದರು. ಮೋಟಾರು ತಿರುಗಿದರೆ ನೆಟ್ಟು ತೊದಲುತ್ತಿತ್ತು. ಎರಡನ್ನೂ ಬೇರೆ ಮಾಡಿದೆ. ಗುಮಾಸ್ತರ ಹಣೆಬರಹ ಸರಿಹೋಯಿತು. ಏನು ಕೆಟ್ಟಿದೆ ಎಂದು ಕೇಳುವ ಮೊದಲು ಯಾವಾಗ ಕೆಡುತ್ತದೆ ಎಂದು ಕೇಳಬೇಕು. ಇದನ್ನು ನೆನಪಿಟ್ಟುಕೊಳ್ಳಿ.

ಇಷ್ಟೆಲ್ಲ ಕಲಿತಿದ್ದೂ ನನ್ನನ್ನು ಬೀದಿ ಬೀದಿ ಅಲೆಸಿದ್ದು ಮುರುಗೇಂದ್ರಪ್ಪನವರ ಲೈನು.

ಮುರುಗೇಂದ್ರಪ್ಪನವರದು ಹಳೆಯ ವ್ಯಾಪಾರಸ್ಥ ಮನೆತನ. ಕುಕ್ಕುವಾಡದಲ್ಲಿ ಹೊಲ, ದಾವಣಗೆರೆಯಲ್ಲಿ ಮನೆ. ಮನೆಯ ಮುಂದಿನ ಎರಡು ಕೋಣೆಗಳೇ ಹೆಡ್ ಆಫೀಸು. ಹರಿಹರದಲ್ಲಿ ಗೊಬ್ಬರ, ಬೀಜದ ಡಿಪೋ. ಆ ಡಿಪೋವನ್ನು ಅವರ ತಮ್ಮ ನೋಡಿಕೊಳ್ಳುತ್ತಿದ್ದರು. ಒಳ್ಳೆಯ ವಯಸ್ಸಿನಲ್ಲೇ ಎದೆನೋವು ಬಂದು ಅವರು ತೀರಿಕೊಂಡ ಮೇಲೆ, ಅವರ ಹೆಂಡತಿ ಶೈಲಜಾ ಅಲ್ಲಿ ಕೂರತೊಡಗಿದರು. ದಿನವೂ ದಾವಣಗೆರೆಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಮುರುಗೇಂದ್ರಪ್ಪನವರು ಒಪ್ಪಿದ್ದು ಅರೆಮನಸ್ಸಿನಿಂದ. ಅವರು ಕೆಟ್ಟವರೇನಲ್ಲ. ಮನೆಯ ಸೊಸೆ ಗಲ್ಲಾದ ಮುಂದೆ ಕೂತದ್ದನ್ನು ಅವರ ವಂಶದಲ್ಲಿ ಯಾರೂ ನೋಡಿರಲಿಲ್ಲ, ಅಷ್ಟೇ.

ಎರಡು ಕಡೆಯನ್ನೂ ಜೋಡಿಸುವ ಕೆಲಸ ನಮಗೆ ಬಂತು. ಲೆಕ್ಕದ ಕಂಪ್ಯೂಟರು ದಾವಣಗೆರೆಯ ಮನೆಯಲ್ಲಿ. ಅಲ್ಲಿಂದ ಹರಿಹರಕ್ಕೆ ಒಂದು ಲೈನು. ಡಿಪೋದ ಬಿಲ್ಲು, ದಾಸ್ತಾನು, ರೈತರು ಹೆಬ್ಬೆಟ್ಟು ಒತ್ತಿ ಗೊಬ್ಬರ ಪಡೆಯುವ ಮಷೀನು, ಎಲ್ಲವೂ ಆ ಒಂದೇ ಲೈನಿನ ಮೇಲೆ. ಸಾಹೇಬರು ಎರಡು ಲೈನು, ಎರಡು ರೂಟರಿಗೆ ಕೊಟೇಶನ್ ಕೊಟ್ಟಿದ್ದರು. ಒಂದು ಬಿದ್ದರೆ ಇನ್ನೊಂದು ತಾನೇ ಕೆಲಸ ಎತ್ತಿಕೊಳ್ಳಬೇಕು. ಮುರುಗೇಂದ್ರಪ್ಪನವರು ಎರಡನೆಯದರ ಮೇಲೆ ಪೆನ್ನಿನಿಂದ ಗೀಟು ಎಳೆದರು.

"ಒಂದು ಮನೆಗೆ ಎರಡು ತಲೆಬಾಗ್ಲು ಯಾಕ್ರಿ ಸಾಹೇಬ್ರೆ? ಇರೋದನ್ನೇ ಗಟ್ಟಿ ಮಾಡ್ರಿ, ಸಾಕು."

ಗಟ್ಟಿಯಾಗಿಯೇ ಮಾಡಿದೆವು. ಲೆಕ್ಕದ ಕಂಪ್ಯೂಟರನ್ನೂ ಬಿಳಿಯ ರೂಟರನ್ನೂ ದೇವರಕೋಣೆಯ ಪಕ್ಕದ ಗೂಡಿನಲ್ಲಿಟ್ಟೆವು. ತಂಪು ಜಾಗ, ಹೋಗಿಬರುವವರ ಕೈಗೆ ಸಿಗುವುದಿಲ್ಲ. ಕೆಲವು ದಿನ ಎಲ್ಲವೂ ಸರಿಯಾಗಿ ನಡೆಯಿತು. ಆಮೇಲೆ ಸೋಮವಾರದ ಕಾಟ ಶುರುವಾಯಿತು.

ಪ್ರತಿ ಸೋಮವಾರ ಮಧ್ಯಾಹ್ನ ಹರಿಹರದಲ್ಲಿ ಲೈನು ಸತ್ತುಹೋಗುತ್ತಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ತಾನಾಗಿಯೇ ಬರುತ್ತಿತ್ತು. ದಾವಣಗೆರೆಯ ಆಫೀಸಿಗೆ ಸೋಮವಾರ ಮಧ್ಯಾಹ್ನದ ಮೇಲೆ ಬಿಡುವು, ಹಾಗಾಗಿ ಅಲ್ಲಿ ಯಾರಿಗೂ ಇದರ ಬಿಸಿ ತಟ್ಟುತ್ತಿರಲಿಲ್ಲ. ಡಿಪೋ ಮಾತ್ರ ತೆರೆದಿರುತ್ತಿತ್ತು. ಭಾನುವಳ್ಳಿಯಿಂದ ಬಂದ ರೈತರು ಚೀಲ ಹೆಗಲಿಗೇರಿಸಿಕೊಂಡು ನಿಂತಿರುತ್ತಿದ್ದರು. ಮಷೀನು ಹೆಬ್ಬೆಟ್ಟು ಒಪ್ಪಿಕೊಳ್ಳುತ್ತಿರಲಿಲ್ಲ. ಶೈಲಜಾ ಅವರು ಒಬ್ಬೊಬ್ಬರ ಹತ್ತಿರವೂ "ಸ್ವಲ್ಪ ತಡೀರಿ ಕಾಕಾ, ಬರ್ತೈತೆ" ಎನ್ನುತ್ತಿದ್ದರು. ಕಾದು ಕಾದು ರೈತರು ಹಿಂದಿನ ಬೀದಿಯ ಗೊಬ್ಬರದಂಗಡಿಗೆ ಹೋಗುತ್ತಿದ್ದರು.

ನಾನು ಬೈಕ್ ಹತ್ತಿ ಹರಿಹರಕ್ಕೆ ಓಡುತ್ತಿದ್ದೆ. ಡಿಪೋದ ವೈರಿನ ತುದಿ ಕತ್ತರಿಸಿ ಹೊಸದು ಕಟ್ಟಿದೆ. ಅಲ್ಲಿನ ರೂಟರ್ ಬದಲಿಸಿದೆ. ನಡುವಿನ ರಸ್ತೆಯಲ್ಲಿ ಯಾವಾಗಲೂ ಯಾರಾದರೂ ಅಗೆಯುತ್ತಲೇ ಇರುತ್ತಾರೆ. ಅಲ್ಲೇ ಎಲ್ಲೋ ಪೆಟ್ಟಾಗಿದೆ ಎಂದು ಲೈನಿನವರನ್ನು ಕಾಡಿ ರಸ್ತೆಬದಿಯ ಜೋಡಣೆಗಳನ್ನೂ ಹೊಸದು ಮಾಡಿಸಿದೆ. ದಾವಣಗೆರೆಗೆ ಫೋನ್ ಮಾಡಿದರೆ ಮುರುಗೇಂದ್ರಪ್ಪನವರು, "ಇಲ್ಲಿ ಕರೆಂಟ್ ಐತೆ, ಎಲ್ಲಾ ಸರಿ ಐತೆ. ತೊಂದ್ರೆ ಹರಿಹರದಾಗೇ ಇರೋದು" ಎನ್ನುತ್ತಿದ್ದರು. ಮಂಗಳವಾರ ಹೋಗಿ ನೋಡಿದರೆ ಅಲ್ಲಿ ನಿಜವಾಗಿಯೂ ಎಲ್ಲ ಸರಿಯಾಗಿಯೇ ಇರುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಾನು ವಾರ ವಾರ ಹೋಗಿ ಎಮ್ಮೆಗೆ ಬರೆ ಹಾಕಿ ಬರುತ್ತಿದ್ದೆ.

ಅಂಥದೊಂದು ಸೋಮವಾರ ಮುರುಗೇಂದ್ರಪ್ಪನವರೇ ಡಿಪೋಗೆ ಬಂದರು. ಖಾಲಿ ಬಾಗಿಲನ್ನೂ ಮಂಕಾಗಿ ಕೂತಿದ್ದ ತಮ್ಮನ ಹೆಂಡತಿಯನ್ನೂ ನೋಡಿ ನನ್ನ ಕಡೆ ತಿರುಗಿದರು.

"ನೋಡು ಚಂದ್ರಣ್ಣ, ಮೊಬೈಲ್ ಶೋರೂಮಿನವರು ಈ ಜಾಗ ಕೇಳ್ಯಾರೆ. ಮಳೆಗಾಲದೊಳಗೆ ಇದು ಸರಿ ಆಗ್ಲಿಲ್ಲ ಅಂದ್ರೆ ಬಾಡಿಗಿಗೆ ಕೊಟ್ಬಿಡ್ತೀನಿ. ಶೈಲಾ ಮನೆಯಾಗ ಇರ್ಲಿ. ಅವಳಿಗೇನು ಕಮ್ಮಿ ಐತೆ?"

ಶೈಲಜಾ ಅವರು ತಲೆ ತಗ್ಗಿಸಿ ಮೇಜಿನ ಮೇಲಿನ ಧೂಳು ಒರೆಸುತ್ತಿದ್ದರು. ಭಾವನವರ ಕಾರು ಹೋದ ಮೇಲೆ ನಿಧಾನವಾಗಿ ಮಾತಾಡಿದರು.

"ಭಾವ ಹೇಳೋದು ಖರೇನೇ. ಉಣ್ಣಾಕ ಉಡಾಕ ನನಗೇನೂ ಕಮ್ಮಿ ಇಲ್ಲ. ಆದ್ರೆ ಈ ಕುರ್ಚಿ ಹೋತು ಅಂದ್ರೆ, ನಾನು ಆ ಮನೆಗೆ ಬಂದೋರಿಗೆ ಚಾ ತಂದುಕೊಡೋಳು ಅಷ್ಟೇ ಚಂದ್ರಣ್ಣ. ಇಲ್ಲಿ ರೈತರು ನನ್ನ ಹೆಸರು ಹಿಡಿದು ಕೇಳ್ಕೊಂಡು ಬರ್ತಾರೆ."

ಸರಿ ಮಾಡುತ್ತೇನೆ ಎಂದು ಅಷ್ಟು ಸಲ ಹೇಳಿದ್ದ ಬಾಯಿಯಿಂದ ಮತ್ತೆ ಅದನ್ನೇ ಹೇಳಲು ನಾಚಿಕೆಯಾಯಿತು. ಅವರೇ ಮುಂದುವರಿಸಿದರು.

"ಒಂದು ಮಾತು ಹೇಳ್ಲಾ? ನೀವು ಪ್ರತಿ ಸಲ ನನ್ನ ಹತ್ರಾನೇ ಬರ್ತೀರಿ. ಅಳ್ತಿರೋದು ನಾನು, ಖರೆ. ಪೆಟ್ಟು ಬಿದ್ದಿರೋದು ಇಲ್ಲೇ ಅಂತ ಹೆಂಗೆ ಹೇಳ್ತೀರಿ?"

ಅವರು ಬೇಸರದಲ್ಲಿ ಅಂದ ಮಾತು ಅದು. ನನಗೆ ಲೇತ್ ಕಾರ್ಖಾನೆಯ ಗುಮಾಸ್ತರು ನೆನಪಾದರು. ನಾನು ದಾವಣಗೆರೆಯ ಮನೆಗೆ ಹೋದದ್ದೆಲ್ಲ ಮಂಗಳವಾರ. ಸೋಮವಾರ ಆ ಮನೆಯಲ್ಲಿ ಏನು ನಡೆಯುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಮುಂದಿನ ಸೋಮವಾರ ಹರಿಹರದ ಕಡೆ ಮುಖ ಮಾಡದೆ ನೇರ ಆ ಮನೆಗೆ ಹೋದೆ. ಬ್ಯಾಗ್ ಬಿಚ್ಚಲಿಲ್ಲ. ಮುರುಗೇಂದ್ರಪ್ಪನವರು ಒಳಗೆ ಮಲಗಿದ್ದರು. ಅವರ ತಾಯಿ ಗುರುಸಿದ್ದಮ್ಮನವರು ನನ್ನನ್ನು ನಡುಮನೆಯಲ್ಲಿ ಕೂರಿಸಿ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಮುಂದಿಟ್ಟರು, ಚಹಾ ಕೊಟ್ಟರು. ಕುಕ್ಕುವಾಡದಲ್ಲಿ ಹುಟ್ಟಿ ಬೆಳೆದ ಹೆಂಗಸು; ವಯಸ್ಸಾದರೂ ಮನೆಯ ಬೀಗದ ಕೈ ಅವರ ಸೊಂಟದಲ್ಲೇ. "ಶೈಲಾಗೆ ಬುತ್ತಿ ಕಟ್ಟಿ ಕಳಿಸಿದೆ. ಚೆಂದಾಗಿ ಉಣ್ತಾಳೋ ಇಲ್ಲೋ" ಎಂದು ಹೇಳಿಕೊಂಡು ದೇವರಕೋಣೆಗೆ ಹೋದರು.

ಪೂಜೆ ಮುಗಿಸಿ ಹೊರಬಂದವರು ಗೂಡಿನ ಮುಂದೆ ನಿಂತರು. ರೂಟರಿನ ಮೇಲೆ ಉಲ್ಲನ್ನಿನಲ್ಲಿ ಹೆಣೆದ ಒಂದು ಹೊದಿಕೆ ಇತ್ತು, ಧೂಳು ಕೂರಬಾರದೆಂದು ಅವರೇ ಹೆಣೆದದ್ದು. ಅದನ್ನು ಸರಿಸಿ, ಡಬ್ಬಿಯ ಮುಂಬದಿಗೆ ಮೂರು ಬೆರಳಲ್ಲಿ ವಿಭೂತಿ ಹಚ್ಚಿದರು. ಆಮೇಲೆ ಮಗುವಿಗೆ ಜ್ವರ ನೋಡುವ ಹಾಗೆ ಅಂಗೈ ಇಟ್ಟು ನೋಡಿದರು. ಗೋಡೆಯ ಮೇಲಿನ ಸ್ವಿಚ್ಚನ್ನು ಟಕ್ಕೆಂದು ಆರಿಸಿದರು. ಅದೇ ಕ್ಷಣದಲ್ಲಿ ನನ್ನ ಜೇಬಿನ ಫೋನು ಮೊಳಗತೊಡಗಿತು. ಹರಿಹರದಿಂದ.

"ಅವ್ವಾರೆ, ಅದನ್ಯಾಕ ಆರಿಸಿದ್ರಿ?"

"ಇವತ್ತು ಸೋಮವಾರ ಅಲ್ಲೇನಪ್ಪ."

"ಸೋಮವಾರ ಆದ್ರೆ?"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಮ್ಮನ್ಯಾಗ ಬ್ಯಾಸಾಯ ಇಲ್ಲೇನು? ಸೋಮವಾರ ಬಸವಣ್ಣನ ವಾರ. ನಮ್ಮೂರಾಗ ಅವತ್ತು ಯಾರೂ ಎತ್ತು ಹೂಡಲ್ಲ. ಇದು ನೋಡಿದ್ರೆ ಹಗಲೂ ರಾತ್ರಿ ದುಡಿತೈತೆ, ಒಂದು ಗಳಿಗೆ ಕಣ್ಣು ಮುಚ್ಚಲ್ಲ. ಮುಟ್ಟಿ ನೋಡು, ಮೈ ಹೆಂಗೆ ಕಾದೈತೆ. ಆಫೀಸು ಮುಚ್ಚಿದ ಮ್ಯಾಲೆ ಯಾರಿಗೂ ಬೇಕಾಗಲ್ಲ ಅಂತ ಅದಕ್ಕೂ ಸ್ವಲ್ಪ ಬಿಡುವು ಕೊಡ್ತೀನಿ. ದೀಪ ಹಚ್ಚೋ ಹೊತ್ತಿಗೆ ಮತ್ತೆ ಹಾಕ್ತೀನಿ."

ಮುಟ್ಟಿ ನೋಡಿದೆ. ನಿಜಕ್ಕೂ ಸುಡುತ್ತಿತ್ತು; ಆ ಉಲ್ಲನ್ನಿನ ಹೊದಿಕೆ ಹೊದ್ದು ಬೇಸಿಗೆಯಲ್ಲಿ ಯಾರು ಕೂತರೂ ಸುಡುತ್ತಾರೆ. ಮಂಗಳವಾರಗಳಲ್ಲಿ ನಾನು ದೂರದಿಂದ, ಹೊದಿಕೆಯ ಕೆಳಗೆ ಕಾಣುವ ಹಸಿರು ದೀಪಗಳನ್ನು ನೋಡಿ ಸಮಾಧಾನ ಮಾಡಿಕೊಂಡು ಹೋಗುತ್ತಿದ್ದೆ. ವಿಭೂತಿಯನ್ನೂ ಕಂಡಿದ್ದೆ. ನಮ್ಮ ಕಡೆ ಆಯುಧ ಪೂಜೆಗೆ ಕುಂಕುಮ, ವಿಭೂತಿ ಕಾಣದ ಯಂತ್ರ ಯಾವುದಿದೆ? ಹಾಗಾಗಿ ಅದು ಕಣ್ಣಿಗೆ ಬಿದ್ದರೂ ತಲೆಗೆ ಹೋಗಿರಲಿಲ್ಲ.

ನಗು ಬಂತು. ಆದರೆ ಈ ತಾಯಿಗೆ ವಿಷಯ ಹೇಳಬೇಕಲ್ಲ ಎನ್ನಿಸಿ ಸಂಕಟವಾಯಿತು. ಹೇಳದಿದ್ದರೆ ಶೈಲಜಾ ಅವರ ಕುರ್ಚಿ ಹೋಗುತ್ತದೆ. ನೇರ ಮಗನಿಗೆ ಹೇಳಿದರೆ ಆತ ತಾಯಿಯ ಮೇಲೆ ರೇಗುತ್ತಾನೆ. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಅವರಿಗೇ ಹೇಳಿದೆ: ಹರಿಹರದ ಡಿಪೋ ಈ ಡಬ್ಬಿಯ ಮೇಲೇ ನಡೆಯುತ್ತದೆ, ಇದು ಮಲಗಿದರೆ ಅಲ್ಲಿ ರೈತರಿಗೆ ಗೊಬ್ಬರ ಸಿಗುವುದಿಲ್ಲ ಎಂದೆ.

ಗುರುಸಿದ್ದಮ್ಮನವರು ಮೆಲ್ಲಗೆ ಗೋಡೆ ಹಿಡಿದು ಕೂತುಕೊಂಡರು.

"ಹಂಗಾದ್ರೆ ಸೋಮವಾರ ಸಂಜೆ ಮುಖ ಸಣ್ಣ ಮಾಡ್ಕೊಂಡು ಬರ್ತಿದ್ದಳಲ್ಲ ಶೈಲಾ, ಅದು ನನ್ನ ದೆಸೆಯಿಂದೇನಪ್ಪ?"

"ನಿಮ್ಮ ದೆಸೆಯಿಂದ ಅಲ್ರಿ ಅವ್ವಾರೆ. ನಾವೂ ನಿಮಗೆ ಹೇಳಿರಲಿಲ್ಲ."

"ಗಂಡ ಹೋದ ಮ್ಯಾಲೆ ಅವಳು ನಕ್ಕಿದ್ದೇ ಆ ಅಂಗಡಿಗೆ ಹೋಗಾಕ ಹತ್ತಿದ ಮ್ಯಾಲೆ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಎದ್ದು ಹೋಗಿ ಸ್ವಿಚ್ಚನ್ನು ತಾವೇ ಹಾಕಿದರು. ಹೊದಿಕೆಯನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡು ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುವುದನ್ನು ನೋಡುತ್ತ ನಿಂತರು. ಆಮೇಲೆ ದನಿ ಬದಲಾಯಿತು.

"ಅದೆಲ್ಲ ಇರ್ಲಿ. ದಣಿಯೋದು ದಣಿಯೋದೇ. ಒಂದೇ ಎತ್ತು ಕಟ್ಕೊಂಡು ವರ್ಷಪೂರ್ತಿ ಹೂಡ್ತೀವಿ ಅಂದ್ರೆ ಎಷ್ಟು ದಿನ ತಡೀತೈತೆ? ಜೋಡಿ ಯಾಕ ಇಲ್ಲ?"

"ನಾವು ಜೋಡಿನೇ ಹೇಳಿದ್ವಿ ಅವ್ವಾರೆ. ಯಜಮಾನ್ರು ಒಂದೇ ಸಾಕು ಅಂದ್ರು."

"ಮುರುಗಾ" ಎಂದು ಅವರು ಕೂಗಿದ ಕೂಗಿಗೆ ಅರವತ್ತರ ಹತ್ತಿರದ ಮುರುಗೇಂದ್ರಪ್ಪನವರು ನಿದ್ದೆಗಣ್ಣಲ್ಲಿ ಲುಂಗಿ ಬಿಗಿಮಾಡಿಕೊಳ್ಳುತ್ತ ಬಂದು ನಿಂತರು. ತಾಯಿ ನಡೆದದ್ದನ್ನೆಲ್ಲ ತಮ್ಮ ಬಾಯಿಂದಲೇ ಹೇಳಿದರು, ಒಂದನ್ನೂ ಮುಚ್ಚಿಡಲಿಲ್ಲ. ಕೊನೆಗೆ ಕೇಳಿದರು: "ನಿಮ್ಮಪ್ಪ ಒಂಟೆತ್ತಿಲೆ ಹೊಲ ಹೂಡಿದ್ದು ಎಂದಾದ್ರೂ ಕಂಡೀಯೇನು?"

ಮುರುಗೇಂದ್ರಪ್ಪನವರು ಇಲ್ಲವೆಂದು ತಲೆಯಾಡಿಸಿದರು. ಆದರೂ ವ್ಯಾಪಾರಸ್ಥರಲ್ಲವೇ, ನನ್ನನ್ನು ಬಾಗಿಲ ತನಕ ಬಿಡಲು ಬಂದು ಹೇಳಿದರು, "ಜೋಡಿ ಹಾಕು. ಈ ಹಂಗಾಮು ನೋಡ್ತೀನಿ. ಅದಾದ ಮ್ಯಾಲೂ ಲೈನ್ ನಿಂತ್ರೆ ಬಾಡಿಗಿನೇ."

ಹರಿಹರಕ್ಕೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಶೈಲಜಾ ಅವರ ಕಣ್ಣು ಕೆಂಪಾಗಿತ್ತು, ಮುಖದಲ್ಲಿ ನಗುವಿತ್ತು. "ಅತ್ತಿ ಫೋನ್ ಮಾಡಿ ಅತ್ತುಬಿಟ್ರು ಚಂದ್ರಣ್ಣ. ನಾನು ಯಾರನ್ನ ಬೈಕೊಂಡಿದ್ನೋ, ಅವರೆಲ್ಲರೂ ಬಚಾವಾದ್ರು" ಎಂದರು. ಬೈಸಿಕೊಂಡವರಲ್ಲಿ ನಾನೇ ಮೊದಲಿಗನೆಂದು ನನಗೆ ಗೊತ್ತಿತ್ತು.

ಎರಡನೆಯ ಲೈನನ್ನು ಬೇರೆ ಕಂಪನಿಯಿಂದ, ಬೇರೆ ದಾರಿಯಲ್ಲಿ ತಂದೆವು. ಮೊದಲನೆಯದು ರಸ್ತೆಯ ಕೆಳಗೆ ಬಂದರೆ, ಇದು ಎರಡೂ ಕಡೆಯ ಮಾಳಿಗೆಯ ಮೇಲೆ ಕೂರಿಸಿದ ಡಿಶ್ ತಟ್ಟೆಯಿಂದ ತಟ್ಟೆಗೆ ಗಾಳಿಯಲ್ಲಿ ಬರುವಂಥದು. ಎರಡು ಲೈನನ್ನೂ ನೆಲದಡಿ ಒಂದೇ ಕಾಲುವೆಯಲ್ಲಿ ಹೂತು ಜೋಡಿ ಎಂದು ಕರೆಯುವವರನ್ನು ಬೇಕಾದಷ್ಟು ಕಂಡಿದ್ದೇನೆ. ಹಾರೆ ಬಿದ್ದರೆ ಎರಡೂ ಒಟ್ಟಿಗೆ ಹೋಗುತ್ತವೆ. ಹೊಸ ರೂಟರ್ ಕಪ್ಪು ಬಣ್ಣದ್ದು. ಗುರುಸಿದ್ದಮ್ಮನವರು ಅವಕ್ಕೆ ಬಿಳಿಯ, ಕರಿಯ ಎಂದು ಹೆಸರಿಟ್ಟರು. ಹರಿಹರದಲ್ಲೂ ಅದೇ ಜೋಡಿ, ಅದೇ ಹೆಸರು.

ಒಂದು ವಿಷಯದಲ್ಲಿ ಮಾತ್ರ ಅವರು ಪಟ್ಟು ಬಿಡಲಿಲ್ಲ. ಸೋಮವಾರದ ಬಿಡುವು ಬಿಡುವೇ. ಒಂದು ವಾರ ಬಿಳಿಯನಿಗೆ, ಇನ್ನೊಂದು ವಾರ ಕರಿಯನಿಗೆ. ಸಾಹೇಬರಿಗೆ ಹೇಳಿದೆ, ಬೈಯುತ್ತಾರೆಂದು ಕಾದೆ. ಅವರು ಗಡ್ಡ ನೀವಿಕೊಂಡು, "ಆರಿಸ್ಲಿ ಬಿಡು. ಆರಿಸಿದ್ರೇ ಗೊತ್ತಾಗೋದು ನೀನು ಏನು ಕಟ್ಟೀಯ ಅಂತ" ಎಂದರು.

ಗೊತ್ತಾಗಿಯೇ ಹೋಯಿತು. ಮೊದಲ ಸೋಮವಾರ ಅವರು ಬಿಳಿಯನನ್ನು ಮಲಗಿಸಿದ ಕೂಡಲೇ ಕರಿಯನೂ ಮಲಗಿದ. ಎರಡನ್ನೂ ಒಂದೇ ಸ್ವಿಚ್ಚಿನ ಬೋರ್ಡಿಗೆ ಸಿಕ್ಕಿಸಿದ್ದೆ. ಅದನ್ನು ಬೇರೆ ಮಾಡಿದೆ. ಮುಂದಿನ ವಾರ ಎತ್ತು ಏರಿಗೆ ಕೋಣ ನೀರಿಗೆ ಎಂಬಂತಾಯಿತು. ಒಂದು ಎದ್ದು ಬರುವಾಗ ಇನ್ನೊಂದು ಬಿಟ್ಟುಕೊಡದೆ ಎಳೆದಾಡಿತು. ಸೆಟ್ಟಿಂಗ್ ಬದಲಿಸಿದೆ. ಮತ್ತೊಂದು ಸೋಮವಾರ ಲೆಕ್ಕದ ಕಂಪ್ಯೂಟರಿನ ಯುಪಿಎಸ್ಸಿನ ಬ್ಯಾಟರಿ ಮುದಿಯಾಗಿರುವುದು ತಿಳಿಯಿತು. ಇವೆಲ್ಲ ಮೊದಲೇ ಹೇಳಿ ಆರಿಸಿದಾಗ, ನಾನು ಪಕ್ಕದಲ್ಲಿದ್ದಾಗ, ಅಂಗಡಿಯಲ್ಲಿ ನೂಕುನುಗ್ಗಲು ಇಲ್ಲದಾಗ ಸಿಕ್ಕ ತಪ್ಪುಗಳು. ದೊಡ್ಡ ದೊಡ್ಡ ಕಚೇರಿಗಳಲ್ಲಿ ಎರಡನೆಯ ಲೈನು ಹಾಕಿಸಿ ಅದನ್ನು ಮರೆತಿರುತ್ತಾರೆ. ಬೇಕಾದ ದಿನ ನೋಡಿದರೆ ಅದು ಎಂದೋ ಸತ್ತಿರುತ್ತದೆ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕುತ್ತಾರೆ. ಆ ಮನೆಯದಾದ ಮೇಲೆ ನಾನು ಕಟ್ಟಿದ ಪ್ರತಿ ಕಚೇರಿಯಲ್ಲೂ ವಾರಕ್ಕೊಮ್ಮೆ ಒಂದನ್ನು ಆರಿಸುವ ಪದ್ಧತಿ ಇಟ್ಟೆ. ಕಾರಣ ಕೇಳಿದವರಿಗೆ ಬಸವಣ್ಣನ ವಾರ ಎನ್ನುತ್ತಿದ್ದೆ.

ಮಳೆ ಬಂತು, ನಾಲೆಗೆ ನೀರು ಬಿಟ್ಟರು. ಭಾನುವಳ್ಳಿ ಕಡೆ ಭತ್ತದ ನಾಟಿ ಶುರುವಾಗಿ ಡಿಪೋದ ಮುಂದೆ ಸಾಲು ರಸ್ತೆಯ ತನಕ ಬೆಳೆಯಿತು. ಅಂಥ ಒಂದು ಬೆಳಿಗ್ಗೆ ಮುರುಗೇಂದ್ರಪ್ಪನವರು, ಜಾಗಕ್ಕಾಗಿ ಬಿಡದೆ ಕೇಳುತ್ತಿದ್ದ ಮೊಬೈಲ್ ಶೋರೂಮಿನವರನ್ನು ಕರೆದುಕೊಂಡು ಬಂದರು. ನನಗೂ ಬರಹೇಳಿದ್ದರು. "ಲೈನ್ ನಿಂತ್ರೆ ನೀನೇ ಉತ್ತರ ಕೊಡು" ಎಂದಿದ್ದರು. ಶೋರೂಮಿನವರು ಟೇಪು ಹಿಡಿದು ಗೋಡೆಯಿಂದ ಗೋಡೆಗೆ ಅಳೆಯತೊಡಗಿದರು. ಶೈಲಜಾ ಅವರು ಅದನ್ನು ನೋಡಿದರು, ನೋಡದವರ ಹಾಗೆ ಮುಂದಿನವರನ್ನು ಕರೆದರು. 

ಅಷ್ಟರಲ್ಲಿ ಪಕ್ಕದ ಔಷಧಿ ಅಂಗಡಿಯವರು ಬಾಗಿಲಲ್ಲಿ ಬಂದು ನಿಂತರು. "ನಿಮ್ಮಲ್ಲಿ ನೆಟ್ ಐತೇನ್ರಿ? ರಸ್ತೆ ಅಗೆಯೋರು ಜೆಸಿಬಿಲೆ ಕೇಬಲ್ ಕಡಿದಾರಂತೆ. ಬೀದಿಗೆ ಬೀದಿನೇ ಹೋಗೈತೆ, ಒಬ್ರಿಗೂ ಬಿಲ್ ಮಾಡಾಕ ಆಗ್ತಿಲ್ಲ."

ಮುರುಗೇಂದ್ರಪ್ಪನವರು ನನ್ನನ್ನು ನೋಡಿದರು. ನಾನು ಗೋಡೆಯನ್ನು ನೋಡಿದೆ. ಬಿಳಿಯನ ಮೇಲೆ ಕೆಂಪು ದೀಪ. ಕರಿಯನ ಹಸಿರು ದೀಪ ಮಿಟುಕುತ್ತಿತ್ತು. ಸಾಲು ನಿಂತಿರಲಿಲ್ಲ; ಒಬ್ಬೊಬ್ಬರಾಗಿ ಹೆಬ್ಬೆಟ್ಟು ಒತ್ತಿ, ಚೀಲ ಎತ್ತಿಕೊಂಡು ಹೋಗುತ್ತಲೇ ಇದ್ದರು.

"ಶೈಲಾ, ಲೈನ್ ಹೋಗೈತಂತೆ?"

"ಹೋಗಿ ಬಹಳ ಹೊತ್ತಾತು ಭಾವ" ಎಂದರು ಅವರು, ತಲೆ ಎತ್ತದೆ. "ಬಿಳಿಯ ಮಲಗ್ಯಾನೆ. ಕರಿಯ ಎಳೀತಾನೆ." ಮುಂದಿನವರಿಗೆ ಹೇಳಿದರು, "ಹೆಬ್ಬೆಟ್ಟು ಇಡ್ರಿ ಅಜ್ಜಾರೆ. ಸ್ವಲ್ಪ ಒತ್ತಿ."

ಮಷೀನು ಪೀಂ ಎಂದಿತು. ಚೀಟಿ ಹೊರಬಂತು. ಹಿಂದಿನ ಬೀದಿಯ ಗೊಬ್ಬರದಂಗಡಿಯಿಂದ ಬರಿಗೈಯಲ್ಲಿ ಬಂದವರು ಸಾಲಿನ ಕೊನೆಗೆ ಸೇರಿಕೊಳ್ಳುತ್ತಿದ್ದರು. ಮುರುಗೇಂದ್ರಪ್ಪನವರು ಎಷ್ಟೋ ಹೊತ್ತು ಅದನ್ನೇ ನೋಡುತ್ತ ನಿಂತರು.

"ಯಜಮಾನ್ರೆ, ಆ ಕಡೆ ಗೋಡೆ ಒಂದು ಉಳಿದೈತೆ. ಅಳತೆ ಬರ್ಕೊಳ್ಳಾ?" ಎಂದರು ಶೋರೂಮಿನವರು.

"ಟೇಪ್ ಸುತ್ರಿ" ಎಂದರು ಮುರುಗೇಂದ್ರಪ್ಪನವರು. "ಚಾ ಕುಡುದು ಹೋಗೋರಂತೆ."

ಕ್ಯಾಂಟೀನಿನವರು ಚಹಾ ತಂದರು. ಎಂದಿನಂತೆ ಮೊದಲ ಲೋಟವನ್ನು ಯಜಮಾನರ ಕೈಗೆ ಕೊಟ್ಟರು. ಅವರು ಅದನ್ನು ಬಂದವರಿಗೂ ಕೊಡಲಿಲ್ಲ, ತಾವೂ ಕುಡಿಯಲಿಲ್ಲ. ರೈತರ ಸಾಲನ್ನು ಬದಿಗೆ ಸರಿಸಿಕೊಂಡು ಮೇಜಿನ ಹತ್ತಿರ ಹೋದರು. ಚೀಟಿಗಳನ್ನು ಒತ್ತಟ್ಟಿಗೆ ತಳ್ಳಿ, ಲೋಟವನ್ನು ಶೈಲಜಾ ಅವರ ಬಲಗೈ ಪಕ್ಕದಲ್ಲಿಟ್ಟರು.

"ಕುಡುದು ಮಾಡವ್ವ. ಆರೋಗ್ತೈತೆ."